ಹತ್ತನೆಯ ಸಂಪುಟ

ಯಲಹಂಕದ ನಮ್ಮ ಮನೆಯ ನಡುಮನೆಯಲ್ಲಿ, ಗೋಡೆಗೆ ಹೊಡೆಸಿದ ಹಲಗೆಯ ಮೇಲೆ, ಹದಿನಾಲ್ಕು ದಪ್ಪ ಪುಸ್ತಕಗಳು ನಿಲ್ಲಬೇಕಾದ ಸ್ಥಳದಲ್ಲಿ ಹದಿಮೂರು ಮಾತ್ರ ನಿಂತಿವೆ. ಒಂಬತ್ತನೆಯ ಸಂಪುಟಕ್ಕೂ ಹನ್ನೊಂದನೆಯದಕ್ಕೂ ನಡುವೆ, ಊಟದ ಪಂಕ್ತಿಯಿಂದ ಒಬ್ಬನು ಅರ್ಧದಲ್ಲಿ ಎದ್ದುಹೋದರೆ ಉಳಿಯುವಂಥ, ಮೂರು ಬೆರಳಗಲದ ಒಂದು ತೆರಪು. ಬೆಳಗಿನ ಕಾಫಿಯ ಲೋಟವನ್ನು ಹಿಡಿದು ಕುರ್ಚಿಯಲ್ಲಿ ಕುಳಿತೊಡನೆ, ಕಿಟಕಿಯಾಚೆ ಎಷ್ಟೇ ಸೊಗಸಾದ ಸೂರ್ಯೋದಯವು ನಡೆಯುತ್ತಿದ್ದರೂ, ನನ್ನ ದೃಷ್ಟಿಯು ಹೋಗಿ ನಿಲ್ಲುವುದು ಆ ತೆರಪಿನಲ್ಲಿಯೇ. ಆಸರೆ ತಪ್ಪಿ ಹನ್ನೊಂದರ ಹೆಗಲ ಮೇಲೆ ಒರಗಿದ ಒಂಬತ್ತನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತೇನೆ. ಸಂಜೆಯ ಹೊತ್ತಿಗೆ ಅದು ಪುನಃ ಒರಗಿರುತ್ತದೆ. ಆರು ವರ್ಷಗಳಿಂದ ನಡೆಯುತ್ತಿರುವ ಈ ನಿತ್ಯವಿಧಿಯನ್ನು ಕಂಡು ಬೇಸತ್ತ ನನ್ನ ಹೆಂಡತಿ ಮೊನ್ನೆ, "ಇರೋ ಹದಿಮೂರನ್ನ ಬಿಟ್ಟು ಇಲ್ದೇ ಇರೋ ಒಂದನ್ನೇ ನೋಡ್ತೀರಲ್ರೀ, ಮಕ್ಕಳ ಮಾರ್ಕ್ಸ್ ಕಾರ್ಡನ್ನೂ ನೀವು ಹೀಗೇ ನೋಡ್ತಿದ್ರಿ" ಎಂದಳು. ಅದಕ್ಕೆ ಉತ್ತರವು ನನ್ನಲ್ಲಿ ಇರಲಿಲ್ಲವಾದ್ದರಿಂದ ಕಾಫಿಗೆ ಸಕ್ಕರೆ ಕಡಿಮೆಯಾಗಿದೆ ಎಂದು ಹೇಳಿದೆ.

ಆ ಪುಸ್ತಕಮಾಲೆಯ ಹೆಸರು 'ದ ವೀಲ್ ಆಫ್ ಟೈಮ್', ಎಂದರೆ ಕಾಲಚಕ್ರ. ರಾಬರ್ಟ್ ಜೋರ್ಡನ್ ಎಂಬ ಅಮೆರಿಕದ ಗ್ರಂಥಕರ್ತನು, ವಿಯೆಟ್ನಾಮ್ ಯುದ್ಧದಲ್ಲಿ ಹೆಲಿಕಾಪ್ಟರಿನ ಬಂದೂಕಿನ ಹಿಂದೆ ಕುಳಿತಿದ್ದು, ಅನಂತರ ನೌಕಾಪಡೆಯ ಪರಮಾಣು ಎಂಜಿನಿಯರನಾಗಿ ದುಡಿದು, ಆಮೇಲೆ ಲೇಖನಿಯನ್ನು ಹಿಡಿದು, 1990ರಲ್ಲಿ ಇದರ ಮೊದಲ ಸಂಪುಟವನ್ನು ಪ್ರಕಟಿಸಿದನು. ಅದನ್ನು ನಾನು ಕೊಂಡದ್ದು ಶುದ್ಧ ಅವಿವೇಕದಿಂದ. ಯಲಹಂಕದಲ್ಲಿ ರೈಲ್ವೆಯವರು 1984ರಲ್ಲಿ ಗಾಲಿಗಳ ಕಾರ್ಖಾನೆಯನ್ನು ತೆರೆದರಷ್ಟೆ. ಅದರ ಹೆಸರು ಈಗ ಬದಲಾಗಿದ್ದರೂ ಊರಿನ ಬಾಯಲ್ಲಿ ಅದಿನ್ನೂ 'ವೀಲ್ ಅಂಡ್ ಆಕ್ಸಲ್'. ಅಲ್ಲಿ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಆ ರಸವನ್ನು ಮೇಲಿನಿಂದ ಸುರಿಯದೆ, ಗಾಳಿಯ ಒತ್ತಡದಿಂದ ಕೆಳಗಿನಿಂದ ಮೇಲಕ್ಕೆ ನೂಕಿ, ಗ್ರಾಫೈಟಿನ ಎರಕದಚ್ಚಿನೊಳಗೆ ತುಂಬಿಸಿ ಗಾಲಿಗಳನ್ನು ಎರಕ ಹೊಯ್ಯುತ್ತಾರೆ. ಆ ಮಹತ್ಕಾರ್ಯದಲ್ಲಿ ನನ್ನ ಪಾಲಿನದು ಏನೂ ಇರಲಿಲ್ಲ. ನಾನು ಟೈಮ್ ಆಫೀಸಿನ ಗುಮಾಸ್ತ. ಯಾರು ಎಷ್ಟು ಗಂಟೆಗೆ ಬಂದರು, ಯಾರು ಎಷ್ಟು ನಿಮಿಷ ತಡವಾದರು ಎಂಬುದನ್ನು ಬರೆದಿಡುವವನು. ಚಕ್ರವು ಅವರದು, ಕಾಲವು ನನ್ನದು. ಹೀಗಿರಲಾಗಿ 1995ರ ಒಂದು ಭಾನುವಾರ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ 'ವೀಲ್' ಎಂದೂ 'ಟೈಮ್' ಎಂದೂ ಅಚ್ಚಾದ ಒಂದು ಹೊತ್ತಗೆಯನ್ನು ಕಂಡಾಗ, ನಮ್ಮ ವೃತ್ತಿಗೆ ಸಂಬಂಧಪಟ್ಟ ಶಾಸ್ತ್ರಗ್ರಂಥವೇ ಇರಬೇಕೆಂದೂ, ಇಲಾಖೆಯ ಪರೀಕ್ಷೆಗೆ ಒದಗೀತೆಂದೂ ಭಾವಿಸಿ, ನಲವತ್ತು ರೂಪಾಯಿ ತೆತ್ತು ತಂದೆ. ರಾತ್ರಿ ದೀಪದ ಕೆಳಗೆ ತೆರೆದು ನೋಡಿದರೆ ಗಾಲಿಯ ನಕ್ಷೆಯೂ ಇಲ್ಲ, ಹಾಜರಿಯ ನಿಯಮವೂ ಇಲ್ಲ. ಯಾವುದೋ ಬೆಟ್ಟದ ಸೀಮೆಯ ಹಳ್ಳಿಯೊಂದರಲ್ಲಿ ಕುರಿ ಕಾಯುವ ಒಬ್ಬ ಹುಡುಗ, ಲೋಕವನ್ನು ಉದ್ಧರಿಸುವವನೂ ಅವನೇ ಮುರಿಯುವವನೂ ಅವನೇ ಎಂಬ ಒಂದು ಭವಿಷ್ಯವಾಣಿ! ಆ ಹುಡುಗನ ಹಿಂದೆ ನಾನು ಹದಿನೆಂಟು ವರ್ಷ ಅಲೆದೆ. ಇಲಾಖೆಯ ಪರೀಕ್ಷೆಯಲ್ಲಿ ನಪಾಸಾದೆ.

ಆ ಕಥೆಯ ಚಕ್ರಕ್ಕೆ ಏಳು ಅರೆಕಾಲುಗಳು. ಒಂದೊಂದು ಅರೆಕಾಲೂ ಒಂದೊಂದು ಯುಗ. ಹೋದ ಯುಗವು ಸರದಿಯ ಪ್ರಕಾರ ತಿರುಗಿ ಬರುತ್ತದೆ. ಅಮೆರಿಕದ ಓದುಗರಿಗೆ ಇದು ರೋಮಾಂಚವನ್ನು ಉಂಟುಮಾಡಿತೋ ಏನೋ. ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗದ ಪ್ರಥಮಪಾದ ಎಂದು ಪುರೋಹಿತರು ಮೂಗಿನಲ್ಲಿ ಹೇಳುವುದನ್ನು ಮದುವೆ ಮುಂಜಿಗಳಲ್ಲಿ ಹಸಿದುಕೊಂಡು ಕೇಳಿ ಬೆಳೆದ ನನಗೆ, ಪರದೇಶದ ನೆಂಟನೊಬ್ಬನು ನಮ್ಮ ಮನೆಯದೇ ಚೊಂಬನ್ನು ಕಾಣಿಕೆಯಾಗಿ ತಂದುಕೊಟ್ಟಂತಾಯಿತು. ನನ್ನ ತಕರಾರು ಬೇರೆ ಕಡೆ ಇತ್ತು. ಆ ಚಕ್ರವು ಮನುಷ್ಯರ ಬಾಳುಗಳನ್ನು ನೂಲಿನಂತೆ ಹಿಡಿದು ಯುಗದ ವಿನ್ಯಾಸವನ್ನು ನೇಯುತ್ತದೆಯಂತೆ. ನಾನು ದೊಡ್ಡಬಳ್ಳಾಪುರದ ನೇಕಾರರ ಮಗ. ಚಕ್ರವು ನೂಲುವುದುಂಟು, ನೂಲನ್ನು ಸುತ್ತುವುದುಂಟು, ನೇಯುವುದು ಮಗ್ಗ. ಹಾಸಿಲ್ಲದೆ, ಹೊಕ್ಕಿಲ್ಲದೆ, ಲಾಳಿಯಿಲ್ಲದೆ, ಬರಿಯ ಗಾಲಿಯೊಂದು ತಿರುಗಿ ಬಟ್ಟೆಯಾಗುವುದಾದರೆ ನಮ್ಮ ಬೀದಿಯವರೆಲ್ಲ ಅಷ್ಟು ಕಷ್ಟಪಡಬೇಕಾಗಿತ್ತೆ? ಊರಿಗೆ ಹೋದಾಗ ಈ ಆಕ್ಷೇಪವನ್ನು ಅಪ್ಪನ ಮುಂದಿಟ್ಟೆ. ಅಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ, ಗ್ರಂಥಕರ್ತನ ಪರವಾಗಿಯೇ ತೀರ್ಪು ಕೊಟ್ಟರು: "ಪಾಪ, ಅವನು ಕಂಡಿಕೆ ಸುತ್ತೋ ರಾಟೆ ನೋಡಿ ಅದೇ ಮಗ್ಗ ಅಂದ್ಕೊಂಡಿರ್ಬೇಕು. ಹೆಂಗಸರ ಕೆಲಸ ಕಂಡಿದಾನೆ, ಗಂಡಸರದ್ದು ಕಂಡಿಲ್ಲ." ಆ ಕಥಾಲೋಕದಲ್ಲಿ ಗಂಡಸರ ಪಾಲಿನ ಮಂತ್ರಶಕ್ತಿಯು ಕಲುಷಿತವಾಗಿ, ಅದನ್ನು ಮುಟ್ಟಿದ ಗಂಡಸು ಹುಚ್ಚನಾಗುವನೆಂದೂ, ಆದಕಾರಣ ಆ ವಿದ್ಯೆಯ ಅಧಿಕಾರವೆಲ್ಲ ಸಾವಿರಾರು ವರ್ಷಗಳಿಂದ ಹೆಂಗಸರ ಕೈಯಲ್ಲಿಯೇ ಇದೆಯೆಂದೂ ಅಪ್ಪನಿಗೆ ನಾನು ಹೇಳಿರಲಿಲ್ಲ. ಇಂಗ್ಲಿಷಿನ ಒಂದಕ್ಷರವನ್ನೂ ಓದದೆ ಅವರು ಮಾಡಿದ ಆ ವಿಮರ್ಶೆಯನ್ನು ಮೀರಿದ ಇನ್ನೊಂದನ್ನು ನಾನು ಇಂದಿಗೂ ಕಂಡಿಲ್ಲ.

ಅಪ್ಪನಿಗೆ ಕಥೆಯ ನ್ಯಾಯವು ಗೊತ್ತಿದ್ದುದಕ್ಕೆ ಕಾರಣವುಂಟು. ನಾನು ಹತ್ತು ಹನ್ನೆರಡು ವರ್ಷದವನಾಗಿದ್ದಾಗ ನಮ್ಮ ಬೀದಿಯಲ್ಲಿ ವಿದ್ಯುತ್ ಮಗ್ಗಗಳು ಬಂದಿದ್ದವು. ಬೆಳಗಿನಿಂದ ರಾತ್ರಿಯವರೆಗೆ ಮನೆಮನೆಯಲ್ಲಿಯೂ ಆ ಖಟಖಟ ಶಬ್ದ. ಒಬ್ಬರ ಮಾತು ಒಬ್ಬರಿಗೆ ಕೇಳದು. ಹಸಿವೆಯನ್ನು ಕೂಡ ಸಂಜ್ಞೆಯಿಂದಲೇ ತಿಳಿಸಬೇಕು. 'ಚಂದಮಾಮ' ಬರುತ್ತಿದ್ದ ಕಾಲ. ಕನ್ನಡದಲ್ಲಿ ಅದು 1949ರಿಂದ ನಡೆದುಬಂದಿತ್ತು. ಅದರ ಧಾರಾವಾಹಿಗಳಲ್ಲಿ ಮಾಂತ್ರಿಕರು, ರಾಕ್ಷಸರು, ಪಾಳುಬಿದ್ದ ದೇವಾಲಯಗಳು, ಕತ್ತಿಯನ್ನು ನಂಬಿದವನೊಬ್ಬ, ಬುದ್ಧಿಯನ್ನು ನಂಬಿದವನೊಬ್ಬ. ತಿಂಗಳು ತಿಂಗಳೂ ಕಥೆಯು ಸರಿಯಾಗಿ ಬಂಡೆಯ ತುದಿಗೆ ಬಂದು ನಿಲ್ಲುತ್ತಿತ್ತು. ಅವುಗಳ ಕೆಳಗೆ ಬರೆದವರ ಹೆಸರು ಇರುತ್ತಿರಲಿಲ್ಲ. ಚಿತ್ರಗಳ ಮೂಲೆಯಲ್ಲಿ ಮಾತ್ರ 'ಚಿತ್ರಾ' ಎಂಬ ರುಜು. ಅವುಗಳಲ್ಲಿ ಬಹುಪಾಲನ್ನು ಮದರಾಸಿನ ಕಚೇರಿಯಲ್ಲಿ ಕುಳಿತು ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ ಎಂಬುದು ನನಗೆ ತಿಳಿದದ್ದು ನನ್ನ ತಲೆಯು ನರೆತ ಮೇಲೆ. ಹೋಗಲಿ. ಆ ಸದ್ದಿನಲ್ಲಿ ಗಟ್ಟಿಯಾಗಿ ಓದುವುದು ಸಾಧ್ಯವಿರಲಿಲ್ಲವಾದ್ದರಿಂದ ಕಥೆಯು ನಮ್ಮ ಮನೆಯಲ್ಲಿ ಮುಂದುವರಿಯುತ್ತಿದ್ದುದು ಕರೆಂಟು ಹೋದಾಗ ಮಾತ್ರ. ಫಕ್ಕನೆ ಬೀದಿಗೆ ಬೀದಿಯೇ ಮೌನವಾಗುವುದು. ಎಲ್ಲಿಯೋ ಒಂದು ಕೋಳಿಯ ಸದ್ದು, ಎಲ್ಲಿಯೋ ಒಂದು ಮಗುವಿನ ಅಳು ಹೊಸದಾಗಿ ಹುಟ್ಟಿದಂತೆ ಕೇಳಿಸುವುದು. ಅಪ್ಪ ಮಗ್ಗದ ಪಕ್ಕದಲ್ಲಿಯೇ ಗೋಡೆಗೆ ಒರಗಿ, ಮೈಮೇಲಿನ ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯುತ್ತ, "ಓದೋ" ಎನ್ನುವರು. ನಾನು ಓದುವೆನು. ಶಿಖಿಮುಖಿಯೂ ವಿಕ್ರಮಕೇಸರಿಯೂ ಗುಹೆಯ ಬಾಯಿಗೆ ಬರುವಷ್ಟರಲ್ಲಿ ಕರೆಂಟು ಬಂದು ಬೀದಿಯೆಲ್ಲ ಒಮ್ಮೆಲೇ ಗರ್ಜಿಸುವುದು. ಅಪ್ಪ ಏಳುವರು, ಕಥೆಯು ನಿಲ್ಲುವುದು. ಮಿಕ್ಕ ಜನರೆಲ್ಲ ಕರೆಂಟು ಬರಲೆಂದು ದೇವರಿಗೆ ಹರಸಿಕೊಳ್ಳುತ್ತಿದ್ದಾಗ ಅದು ಹೋಗಲೆಂದು ಹರಸಿಕೊಳ್ಳುತ್ತಿದ್ದ ದ್ರೋಹಿಯು ಆ ಬೀದಿಯಲ್ಲಿ ನಾನೊಬ್ಬನೇ.

ಗಾಳಿಯ ಮಾತನ್ನು ಹೇಳದೆ ಇದ್ದರೆ ಕಾಲಚಕ್ರದ ಅಭಿಮಾನಿಗಳು ನನ್ನನ್ನು ಕ್ಷಮಿಸಲಾರರು. ಆ ಮಾಲೆಯ ಪ್ರತಿಯೊಂದು ಸಂಪುಟದ ಮೊದಲ ಅಧ್ಯಾಯವೂ ಗಾಳಿಯಿಂದಲೇ ಪ್ರಾರಂಭವಾಗುತ್ತದೆ. ಯಾವುದೋ ಪರ್ವತದಲ್ಲಿಯೋ ಕಾಡಿನಲ್ಲಿಯೋ ಹುಟ್ಟಿ, ಹೊಲಗಳನ್ನೂ ಪಟ್ಟಣಗಳನ್ನೂ ದಾಟಿ, ಕಡೆಗೆ ಕಥೆಯ ಪಾತ್ರವೊಂದರ ಮೇಲುವಸ್ತ್ರವನ್ನು ಹಿಡಿದೆಳೆಯುತ್ತದೆ. ಮಾರ್ಗಶಿರ ಪುಷ್ಯಗಳ ಬೆಳಗಿನಲ್ಲಿ ತಾರಸಿಯ ಮೇಲೆ ಮಫ್ಲರು ಸುತ್ತಿಕೊಂಡು ನಿಂತಾಗ ನಾನೂ ಅಂಥದೊಂದು ಆರಂಭವನ್ನು ಮನಸ್ಸಿನಲ್ಲಿಯೇ ರಚಿಸುವುದುಂಟು: ನಂದಿಬೆಟ್ಟದ ನೆತ್ತಿಯಲ್ಲಿ ಗಾಳಿಯು ಎದ್ದಿತು, ದೇವನಹಳ್ಳಿಯ ಚಕ್ಕೋತದ ತೋಟಗಳಲ್ಲಿ ನುಸುಳಿ, ವಿಮಾನನಿಲ್ದಾಣದ ಬಯಲನ್ನು ಹಾದು, ದ್ರಾಕ್ಷಿಯ ಚಪ್ಪರಗಳು ಇದ್ದ ಜಾಗದಲ್ಲಿ ಈಗ ಎದ್ದಿರುವ ಹದಿನೆಂಟು ಅಂತಸ್ತುಗಳಿಗೆ ತಾಗಿ ಸೀಳಿ, ಯಲಹಂಕಕ್ಕೆ ಬಂದು... ಇಲ್ಲಿಗೆ ಬರುವಷ್ಟರಲ್ಲಿ ಆ ಗಾಳಿಯು ನಿಜವಾಗಿಯೇ ಬಂದು, ಒಣಹಾಕಿದ ಸೀರೆಯನ್ನು ಪಕ್ಕದ ಮನೆಯ ಸಂಪಿಗೆಯ ಮರಕ್ಕೆ ಸುತ್ತಿಬಿಡುವುದರಿಂದ ನನ್ನ ಮಹಾಕಾವ್ಯವು ಒಂದು ವಾಕ್ಯವನ್ನು ದಾಟಿ ಮುಂದಕ್ಕೆ ಹೋಗಿಲ್ಲ.

ಮೂರು ಸಂಪುಟಗಳೆಂದು ಹೊರಟ ಕಥೆಯು ಬೆಳೆದು ಬೆಳೆದು ಹನ್ನೊಂದನ್ನು ಮುಟ್ಟಿ, ಹನ್ನೆರಡರಲ್ಲಿ ಮುಗಿಸುವೆನೆಂದು ಗ್ರಂಥಕರ್ತನು ಮಾತು ಕೊಟ್ಟಿದ್ದಾಗ, 2007ರ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡನು. ಮಗನು ಫೋನಿನಲ್ಲಿ ಸುದ್ದಿಯನ್ನು ಹೇಳಿದ ರಾತ್ರಿ ನಾನು ಅನ್ನವನ್ನು ಅರ್ಧಕ್ಕೆ ಬಿಟ್ಟೆ. ಏನಾಯಿತೆಂದು ಹೆಂಡತಿ ಕೇಳಿದಳು. ಜೋರ್ಡನ್ ಹೋಗಿಬಿಟ್ಟರು ಎಂದೆ. ಅವಳು ಲೊಚಗುಟ್ಟಿ, "ಅಯ್ಯೋ, ಯಾವ ಶಾಪಿನವರು? ವೀಲ್ ಶಾಪೋ ಆಕ್ಸಲ್ ಶಾಪೋ?" ಎಂದು ಕೇಳಿ, ಮಕ್ಕಳೆಷ್ಟು ಎಂದೂ ವಿಚಾರಿಸಿದಳು. ಮರುದಿನ ಯೋಚಿಸಿದಾಗ ನನ್ನ ದುಃಖವು ನನಗೇ ತುಸು ಹಾಸ್ಯಾಸ್ಪದವಾಗಿ ಕಂಡಿತು. ಅರ್ಧಕ್ಕೆ ನಿಂತ ಕೃತಿಯನ್ನು ಕಂಡು ಹೆದರುವ ಜನವೇ ನಾವು? ಕುಮಾರವ್ಯಾಸನು ಗದಾಪರ್ವದವರೆಗೆ ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದನು. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿಯು ಮುಗಿಸಿದನು. ಬಾಣನ ಕಾದಂಬರಿಯನ್ನು ಮಗನು ಮುಗಿಸಿದನು. ಜೋರ್ಡನ್ನನ ಪತ್ನಿಯೂ ಅವನ ಸಂಪಾದಕಿಯೂ ಆಗಿದ್ದ ಹ್ಯಾರಿಯೆಟ್ ಮೆಕ್‌ಡೂಗಲ್ ಅವರು ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ತರುಣನನ್ನು ಆರಿಸಿ, ಗಂಡನು ಬಿಟ್ಟುಹೋದ ಟಿಪ್ಪಣಿಗಳನ್ನು ಅವನ ಕೈಗೆ ಕೊಟ್ಟರು. ಒಂದೆಂದಿದ್ದ ಕಡೆಯ ಸಂಪುಟವು ಅವನ ಕೈಯಲ್ಲಿ ಮೂರಾಗಿ 2013ರಲ್ಲಿ ಮುಗಿಯಿತು. ಕೊನೆಯ ದೃಶ್ಯವನ್ನು ಮಾತ್ರ ಜೋರ್ಡನ್ ತಾನೇ ಮೊದಲೇ ಬರೆದಿಟ್ಟಿದ್ದನಂತೆ. ಸ್ಯಾಂಡರ್ಸನ್ನನದು ಚುರುಕಾದ ಕೈ. ಕಡೆಯ ಸಂಗ್ರಾಮವನ್ನು ಸುಮಾರು ಇನ್ನೂರು ಪುಟಗಳ ಒಂದೇ ಅಧ್ಯಾಯವಾಗಿ ಓಡಿಸಿದ್ದಾನೆ. ಅದನ್ನು ಊಟದ ವಿರಾಮದಲ್ಲಿ ಓದುತ್ತಿದ್ದವನು ಗಂಟೆಯ ಪರಿವೆಯನ್ನು ಕಳೆದುಕೊಂಡು, ಹದಿನಾಲ್ಕು ನಿಮಿಷ ತಡವಾಗಿ ಮೇಜಿಗೆ ಮರಳಿ, ನನ್ನ ಹೆಸರಿನ ಮುಂದೆ ನಾನೇ ಕೆಂಪು ಮಸಿಯಲ್ಲಿ ಗುರುತು ಹಾಕಿಕೊಂಡೆ. ಆದರೂ ಒಂದು ಮಾತು: ದೇವಸ್ಥಾನದ ಜಗುಲಿಯಲ್ಲಿ ಕುಳಿತ ಗಮಕಿಗಳು ತೆರೆಯುವುದು ಇಂದಿಗೂ ಕುಮಾರವ್ಯಾಸನನ್ನೇ. ಮುಗಿಸಿದವನಿಗೆ ನಾವು ಕೃತಜ್ಞರು. ಮುಗಿಸದೆ ಹೋದವನ ಬಳಿಗೆ ಮರಳಿ ಮರಳಿ ಹೋಗುತ್ತೇವೆ.

ಹತ್ತನೆಯ ಸಂಪುಟಕ್ಕೆ ಬರುತ್ತೇನೆ. 2003ರಲ್ಲಿ ಬಂದ ಅದರ ಹೆಸರು 'ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್'. ಅಭಿಮಾನಿಗಳ ವಲಯದಲ್ಲಿ ಅದಕ್ಕೆ ಇರುವ ಕೀರ್ತಿಯೆಂದರೆ ಅದರಲ್ಲಿ ಏನೂ ನಡೆಯುವುದಿಲ್ಲ ಎಂಬುದು. ಒಂಬತ್ತನೆಯದರ ಕೊನೆಯಲ್ಲಿ ನಾಯಕನು ದೂರದ ಒಂದು ಸ್ಥಳದಲ್ಲಿ ಮಹಾ ಕಾರ್ಯವೊಂದನ್ನು ಮಾಡುತ್ತಾನೆ. ಹತ್ತನೆಯದರ ಬಹುಭಾಗದಲ್ಲಿ ಮಿಕ್ಕ ಪಾತ್ರಗಳೆಲ್ಲ, ಇದ್ದ ಇದ್ದ ಊರಿನಲ್ಲಿಯೇ, ಆ ದಿಕ್ಕಿಗೆ ಮುಖ ತಿರುಗಿಸಿ, ಅಲ್ಲಿ ಏನೋ ಉರಿಯುತ್ತಿರುವಂತಿದೆಯಲ್ಲ ಎಂದು ಬೆರಗಾಗಿ, ತಿರುಗಿ ತಮ್ಮ ಸ್ನಾನವನ್ನೋ ಚಹಾವನ್ನೋ ಸಂಧಾನವನ್ನೋ ಮುಂದುವರಿಸುತ್ತಾರೆ. ನಾನೂ ಅದನ್ನು ಬೈದವನೇ. ಆದರೆ ವಾಯುಪಡೆಯ ನೆಲೆಯ ಪಕ್ಕದ ಯಲಹಂಕದಲ್ಲಿ ವಾಸಿಸುವವನು ಅದನ್ನು ಅಸಹಜವೆಂದು ಹೇಗೆ ಹೇಳಿಯಾನು? 1996ರಿಂದ ಇಲ್ಲಿ ಏರೋ ಇಂಡಿಯಾ ನಡೆಯುತ್ತಿದೆ. ಆ ಐದು ದಿನ, ಆಕಾಶವು ಹರಿದಂತೆ ಶಬ್ದವಾದೊಡನೆ, ತರಕಾರಿ ಗಾಡಿಯವನು ತಕ್ಕಡಿಯನ್ನು ಕೈಯಲ್ಲಿ ಹಿಡಿದಂತೆಯೇ, ಕ್ಷೌರಿಕನು ಗಿರಾಕಿಯ ಗಲ್ಲದ ಮೇಲೆ ಕತ್ತಿಯನ್ನು ಇಟ್ಟಂತೆಯೇ, ನನ್ನ ಹೆಂಡತಿಯು ಒಲೆಯ ಮೇಲೆ ಸಾರನ್ನು ಬಿಟ್ಟು ಸೌಟಿನೊಡನೆಯೇ, ಮೇಲಕ್ಕೆ ನೋಡುತ್ತಾರೆ. ವಿಮಾನವು ಆಗಲೇ ಹೆಬ್ಬಾಳದ ಕಡೆ ಹೋಗಿರುತ್ತದೆ. ತಕ್ಕಡಿಯು ಕೆಳಗಿಳಿಯುತ್ತದೆ, ಟೊಮೇಟೊ ಕಾಲು ಕಿಲೋ ಆಗುತ್ತದೆ.

ಆ ಸಂಪುಟವನ್ನು ತೆಗೆದುಕೊಂಡು ಹೋದವರು ಆರ್.ಟಿ. ನಗರದಲ್ಲಿರುವ ನನ್ನ ಷಡ್ಡಕರು. ಆರು ವರ್ಷದ ಕೆಳಗೆ ಯಶವಂತಪುರದಿಂದ ಶಿವಮೊಗ್ಗದ ರೈಲು ಹಿಡಿಯಬೇಕಾಗಿದ್ದವರು, ನಮ್ಮ ಮನೆಯಲ್ಲಿ ಊಟ ಮುಗಿಸಿ, ದಾರಿಗೆ ಒಂದಿರಲಿ ಎಂದು ಸಾಲಿನಿಂದ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡರು. ಹದಿನಾಲ್ಕರಲ್ಲಿ ಹತ್ತನೆಯದನ್ನು ಮಾತ್ರ ಓದುವುದು ಮದುವೆಯ ಮನೆಯಲ್ಲಿ ಹಪ್ಪಳವನ್ನು ಮಾತ್ರ ತಿಂದು ಏಳುವಂತೆ ಎಂದು ವಿವರಿಸಲು ಹೊರಟೆ. "ದಪ್ಪಗಿದೆ ಕಣಪ್ಪಾ, ತಲೆದಿಂಬಿಗೂ ಆಗತ್ತೆ" ಎಂದು ಅವರು ಚೀಲಕ್ಕೆ ಹಾಕಿಕೊಂಡರು. ಹೆಂಡತಿಯ ಅಕ್ಕನ ಗಂಡನನ್ನು ಪುಸ್ತಕಕ್ಕಾಗಿ ಪೀಡಿಸುವುದು ಹೇಗೆ? ಒಂದು ಗೃಹಪ್ರವೇಶ, ಎರಡು ನಾಮಕರಣ, ಒಂದು ಷಷ್ಟಿಪೂರ್ತಿ ಇಷ್ಟೂ ಕಳೆದವು; ಪ್ರತಿ ಸಲವೂ ನಾನು ಮಾತನ್ನು ರೈಲಿನ ಕಡೆಗೂ ಶಿವಮೊಗ್ಗದ ಕಡೆಗೂ ತಿರುಗಿಸಿದೆ; ಪ್ರತಿ ಸಲವೂ ಅವರು ಅದನ್ನು ಮಳೆಯ ಕಡೆಗೆ ತಿರುಗಿಸಿದರು.

ಕಡೆಗೆ ಕಳೆದ ಗುರುವಾರ, ಹೆಂಡತಿಯ ಮಾರ್ಕ್ಸ್ ಕಾರ್ಡಿನ ಮಾತು ನಾಟಿದ್ದರಿಂದ, ನಾನೇ ಹೋದೆ. ಪುಸ್ತಕವು ಅವರ ಆರಾಮಕುರ್ಚಿಯ ತೋಳಿನ ಮೇಲೆಯೇ ಬೋರಲಾಗಿ ಬಿದ್ದಿತ್ತು. ಅದರ ಬೆನ್ನು ಮೂರು ಕಡೆ ಸೀಳಿ ಬಿಳಿಯ ಗೆರೆಗಳೆದ್ದಿದ್ದವು. ರಟ್ಟಿನ ಮೇಲೆ ಲೋಟದ ದುಂಡನೆಯ ಕಲೆ, ಒಂದರ ಮೇಲೊಂದು, ಸರಪಣಿಯಂತೆ. "ಮೂರನೇ ಸಲ ಓದ್ತಿದೀನಿ. ತುಂಬಾ ಚೆನ್ನಾಗಿದೆ" ಎಂದರು. ಯಾರು ಯಾರು, ಹಿಂದೆ ಏನಾಯಿತು ಎಂಬುದು ತಿಳಿಯದೆ ಹೇಗೆ ಓದಿದಿರಿ ಎಂದು ಕೇಳಿದೆ. "ಅದೆಲ್ಲ ಯಾಕಪ್ಪಾ? ನಮ್ಮೂರ ಗುಡೀಲಿ ಭಾರತ ಓದೋವಾಗ ನಾವೇನು ಆದಿಪರ್ವದಿಂದ ಹೋಗಿ ಕೂರ್ತಿದ್ವಾ? ಆಟ ಮುಗ್ಸಿ ಹೋಗೋ ಹೊತ್ಗೆ ಯಾರೋ ಯಾರ್ಗೋ ಬೈತಿರ್ತಿದ್ರು. ಕೂತು ಕೇಳ್ತಿದ್ವಿ. ಪ್ರಸಾದ ಕೊಟ್ರೆ ತಿಂದು ಬರ್ತಿದ್ವಿ." ಆಮೇಲೆ ಪುಟಗಳನ್ನು ತಿರುವಿ, ಒಂದು ರೈಲ್ವೆ ಟಿಕೆಟ್ಟು ಇಟ್ಟಿದ್ದ ಜಾಗವನ್ನು ತೋರಿಸಿದರು. ಹೆಂಡತಿಯನ್ನು ಶತ್ರುಗಳು ಹೊತ್ತೊಯ್ದ ಒಬ್ಬ ವೀರನು, ಸೈನ್ಯಕ್ಕೆ ಕಾಳು ಕೊಳ್ಳಲು ಒಂದು ಕೊಳಕು ಪಟ್ಟಣಕ್ಕೆ ಹೋಗುವ ಪ್ರಸಂಗ ಅದು. ಉಗ್ರಾಣದ ಕಾಳಿನ ತುಂಬ ಹುಳ. ನಾನು ಆ ಅಧ್ಯಾಯವನ್ನು ಎರಡು ಸಲವೂ ಹಾರಿಸಿದ್ದೆ. "ಯಶವಂತಪುರದ ಯಾರ್ಡ್ ಬ್ರಾಂಚಲ್ಲಿ ನಾನು ಹನ್ನೊಂದು ವರ್ಷ ಇದ್ದೆ, ಗೊತ್ತಲ್ಲ. ಸಾಲಕ್ಕೆ ಅಡ ಇಟ್ಟ ಮೂಟೆ ತನಿಖೆಗೆ ಗೋಡೌನಿಗೆ ಹೋಗ್ತಿದ್ವಿ. ಮೇಲಿನ ಮೂಟೆ ಹೂವಿನ ಹಾಗಿರತ್ತೆ. ಕೆಳಗಡೆದಕ್ಕೆ ಕೈ ಹಾಕಿದ್ರೆ ಬೆಚ್ಚಗಿರತ್ತೆ. ಬೆಚ್ಚಗಿದ್ರೆ ಹುಳ ಬಿದ್ದಿದೆ ಅಂತ್ಲೇ. ಏನೂ ನಡೆಯಲ್ಲ ಅಂತೀಯಲ್ಲ ಈ ಪುಸ್ತಕದಲ್ಲಿ, ಕಾಳು ಹುಳ ಹಿಡಿದ್ರೆ ಇನ್ನೇನಪ್ಪ ನಡೀಬೇಕು?"

ಅವರಾಗಿಯೇ ಅದನ್ನು ಹಳೆಯ ಪ್ರಜಾವಾಣಿಯಲ್ಲಿ ಸುತ್ತಿ ಕೊಟ್ಟರು. ಟಿಕೆಟ್ಟನ್ನು ಮಾತ್ರ ಇದ್ದಲ್ಲಿಯೇ ಇರಲೆಂದರು. ಸಿ.ಬಿ.ಐ. ಸ್ಟಾಪಿನವರೆಗೆ ನಡೆದು ಬಂದು ದೊಡ್ಡಬಳ್ಳಾಪುರದ ಬಸ್ಸನ್ನು ಹತ್ತಿ, ಕಿಟಕಿಯ ಪಕ್ಕದಲ್ಲಿ ಕುಳಿತು, ಯಲಹಂಕಕ್ಕೆ ಟಿಕೆಟ್ಟು ತೆಗೆದುಕೊಂಡೆ. ಹೆಬ್ಬಾಳದ ಮೇಲುಸೇತುವೆಯಲ್ಲಿ ಬಸ್ಸು ಎಂದಿನಂತೆ ನಿಂತಿತು. ಎಡಗಡೆಯಲ್ಲಿ ಕೆರೆ, ಬಲಗಡೆಯಲ್ಲಿ ಒಂದು ಸಿಮೆಂಟಿನ ಲಾರಿ, ಮುಂದೆ ಕಣ್ಣು ಹಾಯುವವರೆಗೂ ಕೆಂಪು ದೀಪಗಳು. ಬೇಸರ ಕಳೆಯಲೆಂದು ಪತ್ರಿಕೆಯನ್ನು ಬಿಚ್ಚಿ, ಟಿಕೆಟ್ಟು ಇದ್ದ ಪುಟವನ್ನು ತೆರೆದೆ. ಆ ಪಟ್ಟಣದ ಬೀದಿಯ ಕೆಸರು, ತೊಳೆಯದ ಬಟ್ಟೆಯ ವರ್ತಕರು, ನೋಡಿದವನ ಕಣ್ಣನ್ನು ತಪ್ಪಿಸುವ ಅವರ ನೋಟ. ಉಗ್ರಾಣದ ಬಾಗಿಲು ತೆರೆಯುತ್ತದೆ. ಕಾಳಿನ ಮೇಲೆ ಕೈ ಇಟ್ಟರೆ ಬೆಚ್ಚಗಿದೆಯೋ ಇಲ್ಲವೋ ಎಂದು ನಾನು ಒಂದೊಂದು ಸಾಲನ್ನೂ ಹುಡುಕುತ್ತ ಹೋದೆ. ಬಸ್ಸು ಯಾವಾಗ ಹೊರಟಿತೋ, ಕೊಡಿಗೇಹಳ್ಳಿ ಗೇಟು, ಬ್ಯಾಟರಾಯನಪುರ, ಜಕ್ಕೂರು ಯಾವಾಗ ಕಳೆದವೋ ನಾನರಿಯೆ. ತಣ್ಣನೆಯ ಗಾಳಿಯೊಂದು ಕಿಟಕಿಯಿಂದ ಬಂದು ಎರಡು ಪುಟಗಳನ್ನು ಒಟ್ಟಿಗೆ ಮಗುಚಿತು; ತಿರುಗಿಸಿ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದುಕೊಂಡೆ.

"ಯಜಮಾನ್ರೇ, ನಿಮ್ದು ಯಲಹಂಕ ಅಲ್ವಾ? ಯಾವಾಗ್ಲೋ ಹೋಯ್ತು. ಇದು ರಾಜಾನುಕುಂಟೆ. ಇಳ್ಕೊಳ್ಳಿ, ಎದುರುಗಡೆ ಬಸ್ ಸಿಗತ್ತೆ" ಎಂದು ಕಂಡಕ್ಟರನು ತಲೆಯ ಮೇಲೆ ನಿಂತು ಹೇಳಿದನು.

ಅಧ್ಯಾಯವು ಮುಗಿಯಲು ಇನ್ನೂ ಕೆಲವು ಪುಟಗಳಿದ್ದವು. ಕಾಳನ್ನು ಆಗ ತಾನೇ ಬೀದಿಗೆ ತಂದು ತೂರುವುದಕ್ಕೆ ತೊಡಗಿದ್ದರು.

"ದೊಡ್ಡಬಳ್ಳಾಪುರಕ್ಕೆ ಒಂದು ಕೊಡಿ" ಎಂದೆ.